ಕೋವಿಯೂ ಕಾಗದದ ಹಕ್ಕಿಯೂ

ಮನುಷ್ಯನಿಗೆ ಎರಡು ಚಪಲಗಳು ಹುಟ್ಟಿನಿಂದಲೇ ಅಂಟಿಕೊಂಡು ಬಂದಿವೆಯೆಂದು ನನಗೆ ತೋರುತ್ತದೆ. ದೂರದಲ್ಲಿ ಕಾಣುವ ವಸ್ತುವಿಗೆ ಗುರಿಯಿಟ್ಟು ಹೊಡೆಯಬೇಕೆಂಬುದು ಒಂದು. ಕೈಯಲ್ಲಿರುವ ವಸ್ತುವನ್ನು ಗಾಳಿಗೆ ಬಿಟ್ಟು ಅದು ಎಲ್ಲಿಗೆ ಹೋಗುತ್ತದೆಯೋ ನೋಡಬೇಕೆಂಬುದು ಇನ್ನೊಂದು. ಮಾವಿನ ಮರಕ್ಕೆ ಕಲ್ಲೆಸೆಯದ ಹುಡುಗನಿಲ್ಲ; ನೋಟುಪುಸ್ತಕದ ಹಾಳೆಯನ್ನು ಹರಿದು ವಿಮಾನ ಮಾಡದ ವಿದ್ಯಾರ್ಥಿಯೂ ಇಲ್ಲ. ಈ ಎರಡನೆಯ ವಿದ್ಯೆಯಲ್ಲಿ ನನ್ನ ಶಿಷ್ಯರಿಗಿರುವ ಪ್ರಾವೀಣ್ಯವನ್ನು ನಾನು ಪ್ರತಿವರ್ಷವೂ ಛಂದಸ್ಸಿನ ಪಾಠ ಮಾಡುವಾಗ, ಕಪ್ಪುಹಲಗೆಯ ಕಡೆಗೆ ತಿರುಗಿದ ಬೆನ್ನಿನಿಂದಲೇ ಗ್ರಹಿಸುತ್ತ ಬಂದಿದ್ದೇನೆ. ಮೊದಲನೆಯ ಚಪಲದಿಂದ ಕವಣೆ, ಬಿಲ್ಲು, ಕೋವಿಗಳು ಹುಟ್ಟಿದವು. ಎರಡನೆಯದರಿಂದ ಗಾಳಿಪಟವೂ ವಿಮಾನವೂ ಹುಟ್ಟಿದವು. ದೊಡ್ಡವರು ಇವುಗಳಿಗೆ ಗಂಭೀರವಾದ ಹೆಸರುಗಳನ್ನಿಟ್ಟು ಇಲಾಖೆಗಳನ್ನು ತೆರೆದಿರುವರೆಂಬುದು ನಿಜ. ಆದರೆ ಬುಡದಲ್ಲಿರುವುದು ಆಟವೇ.

ಈ ಎರಡು ಆಟಗಳೂ ಒಂದೇ ಬಯಲಿನಲ್ಲಿ, ಒಂದೇ ಮಧ್ಯಾಹ್ನ, ಒಬ್ಬ ಅಜ್ಜನ ಮತ್ತು ಅವರ ಮೊಮ್ಮಗನ ಕೈಯಲ್ಲಿ ಎದುರುಬದುರಾಗಿ ನಿಂತುದನ್ನು ನೋಡುವ ಯೋಗ ಕಳೆದ ವರ್ಷ ನನಗೆ ಒದಗಿತು. ನಮ್ಮ ಕಾಲೇಜಿನಲ್ಲಿ ಭೌತವಿಜ್ಞಾನ ಬೋಧಿಸುವ ಮಿತ್ರರೊಬ್ಬರು ಕೊಡಗಿನವರು. ನಾಪೋಕ್ಲಿನ ಕಡೆ ಅವರ ಐನ್‌ಮನೆ. “ಸೆಪ್ಟೆಂಬರ್ 3ರಂದು ನಮ್ಮಲ್ಲಿ ಕೈಲ್‌ಪೊಳ್ದ್. ಒಂದು ಸಲ ಬಂದು ನೋಡಿ. ನಿಮಗೆ ಊಟಕ್ಕೇನೂ ತೊಂದರೆಯಾಗುವುದಿಲ್ಲ” ಎಂದು ಅವರು ಮೂರು ವರ್ಷಗಳಿಂದ ಕರೆಯುತ್ತಿದ್ದರು. ಕೊನೆಯ ವಾಕ್ಯದ ಭರವಸೆಯ ಮೇಲೆ ನಾನು ಮೈಸೂರಿನಿಂದ ಬಸ್ಸು ಹತ್ತಿದೆ.

ಕೈಲ್ ಎಂದರೆ ಆಯುಧ, ಪೊಳ್ದ್ ಎಂದರೆ ಹಬ್ಬ. ನಾಟಿಯ ಕೆಲಸ ಮುಗಿದು, ಗದ್ದೆಗಳು ಹಸುರಾಗಿ, ಮನೆಯವರು ಬೆನ್ನು ನೇರ ಮಾಡಿಕೊಳ್ಳುವ ಕಾಲಕ್ಕೆ ಬರುವ ಹಬ್ಬವಿದು. ನೇಗಿಲು, ನೊಗ, ಕತ್ತಿಗಳ ಜೊತೆಗೆ ಮನೆಯ ಕೋವಿಗಳನ್ನೂ ತೊಳೆದು ಒರಸಿ, ಗಂಧ ಹಚ್ಚಿ, ದೇವರ ಕೋಣೆಯಾದ ಕನ್ನಿಕೋಂಬರೆಯಲ್ಲಿಟ್ಟು ಪೂಜಿಸುತ್ತಾರೆ. ಕೋವಿಯ ನಳಿಗೆಗೆ ಒಂದು ಹೂವನ್ನು ಸಿಕ್ಕಿಸುವುದುಂಟು. ನಾವು ಬಯಲುಸೀಮೆಯವರು ಅಗ್ನಿಶಿಖೆಯೆನ್ನುವ, ಬೆಂಕಿಯ ನಾಲಗೆಗಳಂತೆ ಕೆಂಪು ಹಳದಿ ದಳಗಳುಳ್ಳ ಹೂವು ಅದು. ಕೊಡವರ ಭಾಷೆಯಲ್ಲಿ ಅದರ ಹೆಸರೇ ತೋಕ್ ಪೂ, ಎಂದರೆ ಕೋವಿಯ ಹೂವು. ಬೆಂಕಿಯುಗುಳುವ ಬಾಯಿಗೆ ಬೆಂಕಿಯ ಬಣ್ಣದ ಹೂವನ್ನೇ ಮುಡಿಸಿದ ಆ ಪೂರ್ವಿಕ ಕವಿ ಯಾರೋ, ನಮ್ಮ ಪಠ್ಯಕ್ರಮದಲ್ಲಿ ಅವನ ಹೆಸರಿಲ್ಲ.

ಮನೆಯ ಹಿರಿಯರು ನನ್ನ ಮಿತ್ರರ ತಂದೆಯವರು. ಎಪ್ಪತ್ತೆಂಟರ ವಯಸ್ಸು, ಬೆನ್ನು ಇನ್ನೂ ಬಾಗಿಲ್ಲ, ಬಲಗಣ್ಣಿನಲ್ಲಿ ಮಾತ್ರ ಪೊರೆ ಬೆಳೆದು ನೋಟ ಮಸುಕಾಗಿದೆ. ಅವರು ಕನ್ನಿಕೋಂಬರೆಯಿಂದ ಎತ್ತಿ ತಂದ ಕೋವಿಯನ್ನು ನೆಲಕ್ಕೂರಿ ನಿಲ್ಲಿಸಿದರೆ ಅದರ ತುದಿ ನನ್ನ ಗದ್ದಕ್ಕೆ ಬಂತು. ಅದು ಒಂಟಿನಳಿಗೆಯ ಕೇಪಿನ ಕೋವಿ. ಇಂದಿನ ಕೋವಿಗಳಂತೆ ಹಿಂಬದಿಯಿಂದ ತೋಟಾ ತುಂಬುವ ಸೌಕರ್ಯ ಅದಕ್ಕಿಲ್ಲ. ಬಾಯಿಯಿಂದಲೇ ಮದ್ದು ಸುರಿದು, ಅದರ ಮೇಲೆ ತೆಂಗಿನ ನಾರಿನ ಉಂಡೆಯಿಟ್ಟು, ಗಜದಿಂದ ಇಡಿದು, ಸೀಸದ ಗುಂಡನ್ನಿಳಿಸಿ, ಅದು ಉರುಳಿ ಬೀಳದಂತೆ ಮತ್ತೆ ನಾರು ತುರುಕಬೇಕು. ಆಮೇಲೆ ಹಿಂಬದಿಯ ಚಿಕ್ಕ ತೊಟ್ಟಿಗೆ ತಾಮ್ರದ ಕೇಪನ್ನು ಟೋಪಿಯಂತೆ ಕೂಡಿಸಬೇಕು. ಕುದುರೆ ಬಂದು ಕೇಪಿನ ಮೇಲೆ ಬಡಿದರೆ ಕಿಡಿ ಹುಟ್ಟಿ, ತೊಟ್ಟಿನ ರಂಧ್ರದ ಮೂಲಕ ಒಳಹೊಕ್ಕು, ಮದ್ದನ್ನು ಮುಟ್ಟುತ್ತದೆ. ನಾಲ್ಕು ತಲೆಮಾರುಗಳಿಂದ ಅದು ಆ ಮನೆಯಲ್ಲಿದೆಯೆಂದು ಹಿರಿಯರು ಹೇಳಿದರು.

ಹೊಡೆದೊಡನೆ ಕಿಡಿಯಾಗುವ ಈ ಉಪಾಯವನ್ನು ಲೋಕಕ್ಕೆ ಕೊಟ್ಟವನು ಸೇನಾಪತಿಯಲ್ಲ, ಒಬ್ಬ ಪಾದ್ರಿಯೆಂಬುದು ಸ್ವಾರಸ್ಯದ ಸಂಗತಿ. ಸ್ಕಾಟ್ಲೆಂಡಿನ ಬೆಲ್‌ಹೆಲ್ವಿ ಎಂಬ ಊರಿನ ಅಲೆಗ್ಸಾಂಡರ್ ಫಾರ್ಸೈತ್ ಎಂಬ ಆ ಪಾದ್ರಿಗೆ ನೀರುಹಕ್ಕಿಗಳ ಬೇಟೆಯೆಂದರೆ ಬಹಳ ಪ್ರೀತಿ. ಅಂದಿನ ಚಕಮಕಿಯ ಕೋವಿಗಳಲ್ಲಿ ಮೊದಲು ಹೊರಗೆ ಬೆಂಕಿ ಮಿಂಚಿ, ಅರೆಗಳಿಗೆಯ ಮೇಲೆ ಗುಂಡು ಹೊರಡುತ್ತಿತ್ತು. ಆ ಮಿಂಚನ್ನು ಕಂಡ ಹಕ್ಕಿ ಹಾರಿಹೋಗುತ್ತಿತ್ತು. ಹಕ್ಕಿಗಳ ಈ ಬುದ್ಧಿವಂತಿಕೆಯಿಂದ ಬೇಸತ್ತ ಪಾದ್ರಿಯು ಪೆಟ್ಟು ಬಿದ್ದರೆ ಸಿಡಿಯುವ ರಾಸಾಯನಿಕದ ಬೀಗವನ್ನು ಮಾಡಿ 1807ರಲ್ಲಿ ಅದರ ಹಕ್ಕುಪತ್ರ ಪಡೆದನು. ತಾಮ್ರದ ಕೇಪು ಅದರ ಸಂತಾನ. ಆಟದ ಹುಚ್ಚೊಂದು ಯುದ್ಧದ ರೀತಿಯನ್ನೇ ಬದಲಾಯಿಸಿತು.

ಇನ್ನು ಮೊಮ್ಮಗ. ಮಿತ್ರರ ಅಣ್ಣನ ಮಗನಾದ ಈತ ಇಂಜಿನಿಯರಿಂಗ್ ಮುಗಿಸಿ, ಬೆಂಗಳೂರಿನಲ್ಲಿ ವಿಮಾನದ ಭಾಗಗಳನ್ನು ಮಾಡುವ ಕಾರ್ಖಾನೆಯೊಂದರಲ್ಲಿ ಕೆಲಸ ಪಡೆದು, ಹತ್ತು ದಿನಗಳಲ್ಲಿ ಹೊರಡುವವನಿದ್ದನು. ಕಾಲೇಜಿನಲ್ಲಿ ಎನ್.ಸಿ.ಸಿ.ಯ ವಾಯುದಳದಲ್ಲಿದ್ದಾಗ ಮಾದರಿ ವಿಮಾನ ಮಾಡುವ ವಿದ್ಯೆ ಅವನಿಗೆ ಹತ್ತಿತು. ಮಹಡಿಯ ಕೋಣೆಯಿಂದ ಅವನು ಎರಡು ಕೈಗಳಲ್ಲಿ ಹಿಡಿದು ತಂದ ವಿಮಾನವನ್ನು ಕಂಡು ನಾನು ಉಸಿರನ್ನು ಹಿಡಿದೆ. ಬಿಟ್ಟರೆ ಅದು ಹಾರಿಹೋದೀತೆಂಬ ಭಯ. ರೆಕ್ಕೆಗಳು ಚಾಚಿದ ಒಂದು ತೋಳಿನಷ್ಟು ಅಗಲ. ತೂಕ ಒಂದು ನಿಂಬೆಹಣ್ಣಿನದು. ಬಾಲ್ಸಾ ಮರದ ಕಡ್ಡಿಗಳ ಮೇಲೆ ತೆಳುಕಾಗದ ಬಿಗಿದು, ಮೂತಿಯಲ್ಲಿ ಒಂದು ಪ್ರೊಪೆಲರ್; ಅದಕ್ಕೂ ಬಾಲದ ಕಡೆಯ ಒಂದು ಕೊಕ್ಕೆಗೂ ನಡುವೆ ರಬ್ಬರಿನ ಎಳೆ. ಇಂಜಿನ್ ಇಲ್ಲ, ಎಣ್ಣೆಯಿಲ್ಲ, ವಿದ್ಯುತ್ತಿಲ್ಲ. ಪ್ರೊಪೆಲರನ್ನು ನೂರಾರು ಸಲ ತಿರುವಿ ರಬ್ಬರನ್ನು ಹುರಿಗೊಳಿಸಿ ಬಿಟ್ಟರೆ, ಆ ಹುರಿ ಬಿಚ್ಚಿಕೊಳ್ಳುವಷ್ಟು ಕಾಲ ಹಾರಾಟ. ಬಾಲ್ಸಾ ದಕ್ಷಿಣ ಅಮೆರಿಕದ ಮರ. ಆ ಸ್ಪ್ಯಾನಿಷ್ ಹೆಸರಿಗೆ ತೆಪ್ಪವೆಂದು ಅರ್ಥ. 1947ರಲ್ಲಿ ಶಾಂತಸಾಗರವನ್ನು ದಾಟಿದ ಕಾನ್‌ಟಿಕಿ ಎಂಬ ತೆಪ್ಪವನ್ನು ಕಟ್ಟಿದ್ದು ಈ ಮರದ ದಿಮ್ಮಿಗಳಿಂದಲೇ.

ಅಜ್ಜನ ಕೋವಿ ಮೊಮ್ಮಗನಿಗೆ ಬೇಡ. ಮೊಮ್ಮಗನ ವಿಮಾನವೆಂದರೆ ಅಜ್ಜನಿಗೆ ನಗೆ. “ಕಾಗದದ ಹಕ್ಕಿ” ಎಂದು ಅವರು ಅದಕ್ಕೆ ಹೆಸರಿಟ್ಟಿದ್ದರು. ಹುಡುಗನೂ ಕೋವಿಯನ್ನು “ಅಜ್ಜನ ನೀರಿನ ಕೊಳಾಯಿ” ಎನ್ನುತ್ತಿದ್ದನು. ಇದು ಬರಿಯ ವಿನೋದವಲ್ಲವೆಂದು ಊಟಕ್ಕೆ ಕುಳಿತಾಗ ನನಗೆ ತಿಳಿಯಿತು. ಎಲ್ಲರ ಎಲೆಗೂ ಕಡಂಬುಟ್ಟು ಬಂತು. ಅವರಿಗೆಲ್ಲ ಅದರೊಡನೆ ಪಂದಿಕರಿ, ನನಗೊಬ್ಬನಿಗೆ ಎಳೆಬಿದಿರಿನ ಬೈಂಬಳೆ ಕರಿ. ಮಿತ್ರರು ಕೊಟ್ಟ ಭರವಸೆಯನ್ನು ಅವರ ತಾಯಿಯವರು ರುಚಿಯಲ್ಲಿ ಮೀರಿಸಿದ್ದರು. ಆ ನಡುವೆ ಹಿರಿಯರು, ನನಗೂ ತಿಳಿಯಲೆಂದೋ ಏನೋ, ಕನ್ನಡದಲ್ಲೇ ಹೇಳಿದರು: “ನೋಡಿ ಮೇಷ್ಟ್ರೇ, ಈ ಹಬ್ಬ ಮುಗಿದ ಮೇಲೆ ಕೋವಿಯನ್ನು ಸರ್ಕಾರಕ್ಕೆ ಒಪ್ಪಿಸಿಬಿಡೋಣ ಎಂದಿದ್ದೇನೆ. ಅರ್ಜಿ ಬರೆಸಿಟ್ಟಿದ್ದೇನೆ.”

ಹೊರಗಿನವರಿಗೆ ಈ ಮಾತಿನ ಭಾರ ಅರಿವಾಗಬೇಕಾದರೆ ಸ್ವಲ್ಪ ಇತಿಹಾಸ ಬೇಕು. ನಮ್ಮ ದೇಶದಲ್ಲಿ ಕೋವಿಯಿಟ್ಟುಕೊಳ್ಳಲು ಪರವಾನಗಿ ಬೇಕಷ್ಟೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಮಾತ್ರ 1861ರಿಂದ ಅದರಿಂದ ವಿನಾಯಿತಿಯುಂಟು. 1959ರ ಶಸ್ತ್ರಾಸ್ತ್ರ ಕಾಯಿದೆ ಬಂದ ಮೇಲೂ 1963ರ ಅಧಿಸೂಚನೆಯಿಂದ ಅದು ಮುಂದುವರಿಯಿತು. 2019ರಲ್ಲಿ ಕೇಂದ್ರ ಸರ್ಕಾರವು ಅದನ್ನು 2029ರವರೆಗೆ ವಿಸ್ತರಿಸಿತು. 2021ರಲ್ಲಿ ರಾಜ್ಯದ ಉಚ್ಚ ನ್ಯಾಯಾಲಯವೂ ಎತ್ತಿಹಿಡಿಯಿತು. ಆದರೆ ವಿನಾಯಿತಿಯೆಂದರೆ ಕೋವಿಯನ್ನು ಮೂಲೆಯಲ್ಲಿ ಅನಾಥವಾಗಿಡುವ ಸ್ವಾತಂತ್ರ್ಯವಲ್ಲ. ಅದಕ್ಕೆ ಒಬ್ಬ ಹೊಣೆಗಾರ ಬೇಕು. ಅವನ ಹೆಸರಿನಲ್ಲಿ ವಿನಾಯಿತಿಯ ಪ್ರಮಾಣಪತ್ರ ಬೇಕು. ಮಿತ್ರರ ಅಣ್ಣ ಹಡಗಿನ ಕೆಲಸದಲ್ಲಿ ವರ್ಷದ ಮುಕ್ಕಾಲು ಪಾಲು ಸಮುದ್ರದ ಮೇಲೆ. ಮಿತ್ರರೋ ದಪ್ಪ ಗಾಜಿನ ಕನ್ನಡಕದವರು. “ನನ್ನ ಕೈಗೆ ಸೀಮೆಸುಣ್ಣವೇ ಭಾರ” ಎಂದು ಎಂದೋ ಕೈಮುಗಿದವರು. ಉಳಿದವನು ಹುಡುಗ. ಅವನು, “ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿರುವ ನಾನು ಇಲ್ಲಿಯ ಕೋವಿಗೆ ಹೇಗೆ ಹೊಣೆಯಾಗಲಿ?” ಎನ್ನುತ್ತಿದ್ದನು. ಪ್ರಶ್ನೆಯಲ್ಲಿ ನ್ಯಾಯವಿತ್ತು.

“ಒಪ್ಪಿಸಿದರೆ ನಷ್ಟವೇನಪ್ಪ?” ಎಂದರು ಮಿತ್ರರು, ಮೆಲ್ಲಗೆ. “ಬೇಟೆ ನಿಂತು ಐವತ್ತು ವರ್ಷಗಳ ಮೇಲಾಯಿತು.”

ಅದೂ ನಿಜವೇ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಕೊಡಗಿನ ಕೋವಿಗಳಿಗೆ ಉಳಿದಿರುವ ಮೃಗವೆಂದರೆ ಹಬ್ಬದ ದಿನ ಮರಕ್ಕೆ ಕಟ್ಟುವ ತೆಂಗಿನಕಾಯಿಯೊಂದೇ. ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ಬೇಟೆಗಲ್ಲ. ನಮ್ಮಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು ಹಾರಿಸುತ್ತಾರೆ. ಮನೆಯಲ್ಲಿ ಸಾವಾದರೆ ಎರಡು. ಇವನು ಹುಟ್ಟಿದ ದಿನ ಈ ಕೋವಿಯಿಂದಲೇ ನಾನು ಹಾರಿಸಿದೆ. ನಾನು ಹೋದ ದಿನ ಎರಡು ಹಾರಿಸಬೇಕಲ್ಲ?”

“ಪಕ್ಕದ ಮನೆಯವರ ಕೋವಿಯಿದೆಯಲ್ಲ” ಎಂದು ಯಾರೋ ಸಮಾಧಾನ ಹೇಳಿದರು.

“ಸಾವಿಗೆ ಸಾಲದ ಕೋವಿಯೇ?” ಎಂದು ಹಿರಿಯರು ನಕ್ಕು ಕೈತೊಳೆಯಲು ಎದ್ದರು. ಆ ನಗೆಗೆ ಬೇರೆ ಯಾರೂ ಜೊತೆಗೂಡಲಿಲ್ಲ.

ಊಟವಾದ ಮೇಲೆ ನಾವೆಲ್ಲ ಬಾಣೆಗೆ ಹೊರಟೆವು. ಗದ್ದೆಗೆ ಸೇರಿದಂತೆ ದನ ಮೇಯಲು ಬಿಟ್ಟ ದಿಣ್ಣೆಯ ಹುಲ್ಲುಬಯಲಿಗೆ ಅಲ್ಲಿ ಬಾಣೆಯೆಂದು ಹೆಸರು. ಮಳೆ ಎರಡು ದಿನಗಳಿಂದ ಬಿಡುವು ಕೊಟ್ಟಿತ್ತು. ದೂರದಲ್ಲಿ ತಡಿಯಂಡಮೋಳ್ ಬೆಟ್ಟದ ನೆತ್ತಿಯ ಮೇಲೆ ಮಾತ್ರ ಮೋಡ. ಬಾಣೆಯ ಮೇಲೆ ಎಳೆಬಿಸಿಲು. ಮುಂದೆ ಹಿರಿಯರು ಕೋವಿಯೊಡನೆ, ಹಿಂದೆ ಹುಡುಗ ವಿಮಾನದೊಡನೆ, ಅವರ ಹಿಂದೆ ತೆಂಗಿನಕಾಯಿಯ ಚೀಲ ಹೊತ್ತ ಮಕ್ಕಳ ಸೇನೆ. ಹೊಡೆಯಲೂ ಹಾರಿಸಲೂ ಬಾರದ ನನಗೆ ಗಡಿಯಾರ ಹಿಡಿದು ಕಾಲವನ್ನೆಣಿಸುವ, ವಿವಾದ ಬಂದರೆ ತೀರ್ಪು ಕೊಡುವ ಪದವಿ ದೊರೆಯಿತು. ಅಧ್ಯಾಪಕರಿಗೆ ಲೋಕವು ಕೊಡುವ ಪದವಿ ಸಾಮಾನ್ಯವಾಗಿ ಇಂಥದೇ.

ಮೊದಲ ಸರದಿ ವಿಮಾನದ್ದು. ಹುಡುಗ ಒಂದು ಹಿಡಿ ಹುಲ್ಲನ್ನು ಕಿತ್ತು ಎದೆಯೆತ್ತರದಿಂದ ಬಿಟ್ಟು ಗಾಳಿಯ ದಿಕ್ಕನ್ನು ನೋಡಿದನು. ಎದುರುಗಾಳಿಗೆ ಮುಖ ಮಾಡಿ, ರಬ್ಬರನ್ನು ತಿರುವಿ, ಮೆಲ್ಲನೆ ತಳ್ಳಿ ಬಿಟ್ಟನು. ಅದು ಮೂತಿಯೆತ್ತಿ ನೆಟ್ಟಗೆ ಮೇಲೇರಿ, ಏನನ್ನೋ ಮರೆತಂತೆ ನಡುವೆ ನಿಂತು, ಬಾಲ ಮುಂದಾಗಿ ಜಾರಿ ಹುಲ್ಲಿಗೆ ಬಿತ್ತು. ಮೂರು ಸೆಕೆಂಡು. ಮತ್ತೊಮ್ಮೆ ತಿರುವಿ ಬಿಟ್ಟಾಗಲೂ ಅದೇ ಕಥೆ. ಈ ಸಲ ಐದು. “ನಿನ್ನ ಹಕ್ಕಿಗೆ ಕಡಂಬುಟ್ಟು ಹೆಚ್ಚಾಯಿತೋ?” ಎಂದು ಹಿರಿಯರು ಕೇಳಿದರು. ಮಕ್ಕಳು ಚಪ್ಪಾಳೆ ತಟ್ಟಿದರು.

ಐದು ಸೆಕೆಂಡೆಂದು ಹಗುರವಾಗಿ ನಗುವಂತಿಲ್ಲ. 1871ರ ಆಗಸ್ಟ್ 18ರಂದು ಪ್ಯಾರಿಸ್ಸಿನ ಟ್ಯುಯಿಲರಿ ಉದ್ಯಾನದಲ್ಲಿ ಅಲ್ಫಾನ್ಸ್ ಪೆನೊ ಎಂಬ ಇಪ್ಪತ್ತೊಂದರ ತರುಣನು, ಹೀಗೆಯೇ ರಬ್ಬರನ್ನು ಹುರಿಗೊಳಿಸಿ ಒಂದು ಪುಟ್ಟ ಮಾದರಿಯನ್ನು ವಿದ್ವಾಂಸರೆದುರು ಹಾರಿಸಿದಾಗ, ಅದು ಗಾಳಿಯಲ್ಲಿದ್ದುದು 11 ಸೆಕೆಂಡು; ಹೋದ ದೂರ ಸುಮಾರು 40 ಮೀಟರ್. ತನ್ನ ಸಮತೋಲವನ್ನು ತಾನೇ ಕಾಯ್ದುಕೊಂಡು ಹಾರಿದ ಮಾದರಿ ವಿಮಾನಗಳ ವಂಶ ಅಲ್ಲಿಂದ ಬೆಳೆಯಿತು. ಪೆನೊ 1880ರಲ್ಲಿ, ಮೂವತ್ತನೆಯ ವಯಸ್ಸಿನಲ್ಲಿ, ತೀರಿಕೊಂಡನು. ಆದರೆ ಅವನ ರಬ್ಬರಿನ ಹುರಿ ಆ ವೇಳೆಗಾಗಲೇ ಸಾಗರವನ್ನು ದಾಟಿತ್ತು. 1878ರಲ್ಲಿ ಅಮೆರಿಕದ ಬಿಷಪ್ ಒಬ್ಬರು ಬಿದಿರು, ಬೆಂಡು, ಕಾಗದಗಳ ಒಂದು ಹಾರುವ ಆಟಿಕೆಯನ್ನು ತಂದು ತಮ್ಮ ಇಬ್ಬರು ಮಕ್ಕಳ ಮುಂದೆ ಎಸೆದರು. ಅದೂ ಪೆನೊ ಮಾಡಿದ ಬಗೆಯದೇ. ಆ ಮಕ್ಕಳು ವಿಲ್ಬರ್ ಮತ್ತು ಆರ್ವಿಲ್ ರೈಟ್. 1903ರ ಡಿಸೆಂಬರ್ 17ರಂದು ಅವರು ಮನುಷ್ಯನನ್ನು ಹೊತ್ತ ಯಂತ್ರವನ್ನು ಮೊದಲ ಬಾರಿಗೆ ಹಾರಿಸಿದಾಗ ಅದು ನೆಲ ಬಿಟ್ಟಿದ್ದುದು 12 ಸೆಕೆಂಡು. ಆಟಿಕೆಯ ಹನ್ನೊಂದಕ್ಕೂ ಯಂತ್ರದ ಹನ್ನೆರಡಕ್ಕೂ ನಡುವೆ ಮೂವತ್ತೆರಡು ವರ್ಷಗಳ ದುಡಿಮೆ. ಈ ಲೆಕ್ಕವನ್ನು ಮಿತ್ರರು ಮಕ್ಕಳಿಗೆ ವಿವರಿಸುತ್ತಿದ್ದಾಗ ಅವರ ಮುಖದಲ್ಲಿ ತರಗತಿಯ ಕಳೆ ಬಂದಿತ್ತು. ಮಕ್ಕಳ ಮುಖದಲ್ಲಿಯೂ ಬಂದಿತ್ತು.

ಎರಡನೆಯ ಸರದಿ ಕೋವಿಯದು. ನಲವತ್ತು ಹೆಜ್ಜೆಯಾಚೆ, ದಿಣ್ಣೆಯ ಮಣ್ಣಿನ ಗೋಡೆಗೆ ಮುಂದಾಗಿದ್ದ ಒಂಟಿಮರದ ಕೊಂಬೆಗೆ ತೆಂಗಿನಕಾಯಿಯನ್ನು ಕಟ್ಟಿದರು. ಹಿರಿಯರು ಎಲ್ಲರನ್ನೂ ತಮ್ಮ ಹಿಂದಕ್ಕೆ ಕರೆದು ನಿಲ್ಲಿಸಿ, ತಲೆಗಳನ್ನೆಣಿಸಿದರು. ಮದ್ದು, ನಾರು, ಗುಂಡು, ಮತ್ತೆ ನಾರು. ತೆಂಗಿನ ನಾರಿನಿಂದಲೇ ತೆಂಗಿನಕಾಯಿಗೆ ಮೃತ್ಯುವೆಂಬುದು ನನಗೆ ಪುರಾಣಸಹಜವಾಗಿ ತೋರಿತು. ಕೇಪು ಕೂಡಿಸಿ, ಒಂದು ಹಿಡಿ ಹುಲ್ಲು ಕಿತ್ತು, ಎದೆಯೆತ್ತರದಿಂದ ಬಿಟ್ಟು ಗಾಳಿಯನ್ನು ನೋಡಿದರು. ನಾನು ಹುಡುಗನ ಕಡೆ ನೋಡಿದೆ. ಅವನು ಅಜ್ಜನ ಕೈಯನ್ನೇ ನೋಡುತ್ತಿದ್ದನು.

ಕುದುರೆ ಬಿತ್ತು. ಕೇಪು ಮಾತ್ರ ಟಪ್ಪೆಂದಿತು, ಗುಂಡು ಹೊರಡಲಿಲ್ಲ. “ಕೊಳಾಯಿಯಲ್ಲಿ ನೀರು ನಿಂತುಹೋಯಿತು!” ಎಂದು ಹುಡುಗ ಕೂಗಿದನು. ಮಕ್ಕಳು ಮತ್ತೆ ಚಪ್ಪಾಳೆ ತಟ್ಟುತ್ತ ಮುಂದೆ ನುಗ್ಗಿದರು. “ಯಾರೂ ಅಲುಗಬೇಡಿ!” ಎಂಬ ಹಿರಿಯರ ದನಿಗೆ ಬಾಣೆಯೇ ನಿಶ್ಶಬ್ದವಾಯಿತು. ಅವರು ಕೋವಿಯನ್ನು ಗುರಿಯಿಂದ ಕದಲಿಸದೆ ಹಾಗೆಯೇ ಹಿಡಿದು ನಿಂತರು. ಹೊರಗೆ ಆರಿದಂತೆ ಕಂಡ ಕಿಡಿ ಒಳಗೆ ಹೊಗೆಯಾಡುತ್ತಿದ್ದು ತಡವಾಗಿ ಮದ್ದಿಗೆ ತಗಲುವುದುಂಟಂತೆ. ಆಗ ನಳಿಗೆ ಯಾರ ಕಡೆಗೆ ತಿರುಗಿರುವುದೋ ಅವರ ಆಯುಸ್ಸು ಮುಗಿಯಿತು. ನನ್ನ ಗಡಿಯಾರದಲ್ಲಿ ಒಂದು ನಿಮಿಷ ಕಳೆಯಿತು, ಎರಡು ಕಳೆಯಿತು. ಎಪ್ಪತ್ತೆಂಟರ ತೋಳುಗಳು ಅಷ್ಟು ಭಾರದ ಕಬ್ಬಿಣವನ್ನು ಹೊತ್ತು ಸಣ್ಣಗೆ ನಡುಗುತ್ತಿದ್ದವು. ನಳಿಗೆಯ ತುದಿ ಮಾತ್ರ ಮರವನ್ನು ಬಿಟ್ಟು ಸರಿಯಲಿಲ್ಲ. ಯಾವ ವಸ್ತುವನ್ನು ಹುಡುಗ ಕೊಳಾಯಿಯೆಂದು ಹಾಸ್ಯ ಮಾಡುತ್ತಿದ್ದನೋ ಅದಕ್ಕೆ ಹೊಣೆಯಾಗುವುದೆಂದರೆ ಏನೆಂದು ಆ ಎರಡು ನಿಮಿಷಗಳಲ್ಲಿ ಎಲ್ಲರಿಗೂ ಕಂಡಿತು.

ಕೋವಿಯನ್ನಿಳಿಸಿ ಹಿರಿಯರು ತೊಟ್ಟನ್ನು ಕಣ್ಣಿನ ಹತ್ತಿರ ಹಿಡಿದರು. ಪೂಜೆಗೆಂದು ಹಚ್ಚಿದ ಎಣ್ಣೆ ಮಳೆಗಾಲದ ತೇವದೊಡನೆ ಸೇರಿ ರಂಧ್ರ ಕಟ್ಟಿತ್ತು. ಗುಂಡುಸೂಜಿಯ ಮೊನೆ ಸಾಲಲಿಲ್ಲ. ಆಗ ಹುಡುಗ ತನ್ನ ಪೆಟ್ಟಿಗೆಯಿಂದ, ಪ್ರೊಪೆಲರಿನ ಅಚ್ಚಿಗೆ ಬಳಸುವ ಸಣ್ಣ ಉಕ್ಕಿನ ತಂತಿಯೊಂದನ್ನು ತೆಗೆದು, ಮಾತಿಲ್ಲದೆ ಮುಂದೆ ಹಿಡಿದನು. ಹಿರಿಯರ ಕಣ್ಣಿಗೆ ರಂಧ್ರ ಸರಿಯಾಗಿ ಕಾಣದು. “ನೀನೇ ಮಾಡು. ನಳಿಗೆ ಮರದ ಕಡೆಗೇ ಇರಲಿ” ಎಂದು ಕೋವಿಯನ್ನು ಅವರೇ ಹಿಡಿದು ನಿಂತರು. ತಂತಿ ಒಳಹೊಕ್ಕು ಕಪ್ಪು ಮೇಣದಂಥ ಕೊಳೆಯನ್ನು ಹೊರತಂದಿತು. ಬೇರೆ ಕೇಪು ಕೂಡಿಸಿದರು. ಈ ಸಲ ಬಾಣೆ ಗುಡುಗಿತು. ಬಿಳಿಯ ಹೊಗೆಯ ಮುದ್ದೆಯೊಂದು ಎದ್ದು, ಗಂಧಕದ ವಾಸನೆ ನಮ್ಮ ಮೇಲೆ ಹರಡಿತು. ಹೊಗೆ ಸರಿದಾಗ ತೆಂಗಿನಕಾಯಿ ಎಲ್ಲಿತ್ತೋ ಅಲ್ಲಿಯೇ ಇತ್ತು.

“ಮುಂಗುರಿ ಎರಡಾಗಿ ಕಾಣುತ್ತದೆ” ಎಂದರು ಹಿರಿಯರು. ಹುಲ್ಲಿನ ಮೇಲೆ ಕುಳಿತು, ಹುಡುಗನ ವಿಮಾನವನ್ನು ಕೇಳಿ ತೆಗೆದುಕೊಂಡು, ಎರಡು ರೆಕ್ಕೆಗಳ ಕೆಳಗೆ ಒಂದೊಂದು ಬೆರಳಿಟ್ಟು ತೂಗಿ ನೋಡಿದರು. ಕೋವಿಯನ್ನು ಅಂಗೈಯ ಮೇಲೆ ತೂಗಿ ಅದರ ಹದ ತಿಳಿಯುವ ಅಭ್ಯಾಸ ಅವರದು. ವಿಮಾನದ ಬಾಲ ಮೆಲ್ಲನೆ ಕೆಳಗಿಳಿಯಿತು. “ಇದಕ್ಕೆ ಹಿಂಭಾರ. ಮೂತಿ ಹಗುರ. ಹಿಂಭಾರದ ಕೋವಿಯೂ ಹೀಗೆಯೇ ಆಕಾಶ ನೋಡುತ್ತದೆ” ಎಂದರು. ಹುಡುಗ, ಬಾಲದ ಬಳಿ ಕಾಗದ ಹರಿದು ಹೊಸದಾಗಿ ಅಂಟಿಸಿದ್ದನ್ನು ಹೇಳಿ, ಮೂತಿಗೆ ತೂಕ ಕೊಡಲು ಜೇಡಿಮಣ್ಣು ಹುಡುಕತೊಡಗಿದನು. ಹಿರಿಯರು ತಮ್ಮ ಹಳೆಯ ತೊಗಲಿನ ಚೀಲದೊಳಗೆ ಬೆರಳಾಡಿಸಿ ಒಂದು ಸೀಸದ ಚರೆಯನ್ನು ತೆಗೆದರು. ಹಕ್ಕಿ ಹೊಡೆಯಲು ಹಿಂದೆ ಬಳಸುತ್ತಿದ್ದ, ಮೆಣಸಿನ ಕಾಳಿನಷ್ಟು ದಪ್ಪದ ಚರೆ. “ಇದು ಸಾಕೇ ನೋಡು” ಎಂದರು. ಒಂದು ಸಾಲಲಿಲ್ಲ; ಮೂರು ಬೇಕಾಯಿತು. ಚೀಲದಲ್ಲಿದ್ದ ಜೇನುಮೇಣದಿಂದ ಅವನ್ನು ಮೂತಿಯೊಳಗೆ ಅಂಟಿಸಿದರು. ಹಕ್ಕಿಗಳನ್ನು ಕೆಳಗಿಳಿಸಲೆಂದು ಎಂದೋ ಕೊಂಡ ಸೀಸ ಹೀಗೆ ಒಂದು ಹಕ್ಕಿಯನ್ನು ಮೇಲೆ ಕಳುಹಿಸುವ ಕೆಲಸಕ್ಕೆ ಬಂತು.

ಮುಂದಿನ ಹಾರಾಟ ಹದಿನಾಲ್ಕು ಸೆಕೆಂಡು. ಪೆನೊವನ್ನೂ ರೈಟ್ ಸೋದರರನ್ನೂ ಒಂದೇ ಏಟಿಗೆ ಮೀರಿಸಿದೆವೆಂದು ನಾನು ಅಧಿಕೃತವಾಗಿ ಸಾರಿದೆ.

ಆಮೇಲೆ ಕೋವಿ ಹುಡುಗನ ಕೈಗೆ ಬಂತು. ಯಾರು ಕೊಟ್ಟರು, ಯಾರು ಕೇಳಿದರು ಎಂಬುದನ್ನು ನಾನು ಗಮನಿಸಲಿಲ್ಲ. ಬಹುಶಃ ಯಾರೂ ಕೇಳಲಿಲ್ಲ. ಮದ್ದಿನ ಅಳತೆಯನ್ನು ಅಜ್ಜ ಹೇಳಿದರು, ಗಜವನ್ನು ಮೊಮ್ಮಗ ಇಡಿದನು. ಗುಂಡು ಹಾರಿದಾಗ ಅವನು ಒಂದು ಹೆಜ್ಜೆ ಹಿಂದೆ ಸರಿದನು. ತೆಂಗಿನಕಾಯಿ ಗಿರ್ರನೆ ತಿರುಗಿ ಜೋಲಾಡಿತು. ಒಂದು ಪಕ್ಕದ ಸಿಪ್ಪೆ ಕಿತ್ತುಹೋಗಿದೆ, ಕಾಯಿ ಒಡೆದಿಲ್ಲ. ಗೆಲುವೋ ಅಲ್ಲವೋ ಎಂದು ಮಕ್ಕಳಲ್ಲಿ ಎರಡು ಪಕ್ಷಗಳಾಗಿ ವಿವಾದ ನನ್ನ ಮುಂದೆ ಬಂತು. ಕನ್ನಡ ಎಂ.ಎ. ಪದವಿಯ ಸಾರ್ಥಕ್ಯಕ್ಕೆ ಅದಕ್ಕಿಂತ ಒಳ್ಳೆಯ ಸಂದರ್ಭ ಎಲ್ಲಿದೆ? “ಹೊಡೆದುದು ಸಿದ್ಧವಾಗಿದೆ, ಒಡೆದುದು ಸಿದ್ಧವಾಗಿಲ್ಲ. ಹಕಾರವೊಂದರ ಅಂತರದಲ್ಲಿ ಅರ್ಧ ಬಹುಮಾನ” ಎಂದು ತೀರ್ಪಿತ್ತೆ. ತೀರ್ಪು ಯಾರಿಗೂ ಒಪ್ಪಿಗೆಯಾಗಲಿಲ್ಲ. ಹಿರಿಯರು ಮಾತ್ರ ತಮ್ಮ ಅರ್ಧ ಬಹುಮಾನವೆಂದು ಹುಡುಗನ ಬೆನ್ನ ಮೇಲೆ ಒಂದು ಗುದ್ದು ಕೊಟ್ಟರು.

ಬಿಸಿಲು ಓರೆಯಾಗುವ ಮುನ್ನ ಕೊನೆಯ ಹಾರಾಟ. ಹುಡುಗ ಗಾಳಿಗೆ ಮುಖ ಮಾಡಿ ನಿಂತಿದ್ದಾಗ ಹಿರಿಯರು ಅವನ ತೋಳು ಹಿಡಿದು ತಡೆದರು. ಬಾಣೆಯ ಕೆಳತುದಿಯಲ್ಲಿ ಒಂದು ಹಾಸುಬಂಡೆಯಿದೆ. ಅದರ ಮೇಲಿನ ಆಕಾಶದಲ್ಲಿ ಗರುಡವೊಂದು ರೆಕ್ಕೆ ಬಡಿಯದೆ ಸುತ್ತುತ್ತಿತ್ತು. “ಅಲ್ಲಿ ಬಿಸಿಗಾಳಿ ಏಳುತ್ತಿದೆ. ಅದರ ಕೆಳಗೆ ಬಿಡು” ಎಂದರು. ಪುಸ್ತಕದಲ್ಲಿ ಓದಿದ್ದ ಸಂಗತಿಯನ್ನು ಪುಸ್ತಕವನ್ನೇ ಓದದ ಅಜ್ಜ ಬೆರಳು ತೋರಿ ಹೇಳಿದ್ದಕ್ಕೆ ಹುಡುಗ ಬೆರಗಾದನು. “ನೀನೇ ಬಿಡು ಅಜ್ಜ” ಎಂದು ವಿಮಾನವನ್ನು ಅವರ ಕೈಗಿತ್ತನು. ಕೋವಿ ಹಿಡಿದ ಒರಟು ಕೈ ಆ ತೆಳುಕಾಗದವನ್ನು ಹಿಡಿದ ರೀತಿಯನ್ನು ನಾನು ವರ್ಣಿಸಲಾರೆ. ಅದು ಬಂಡೆಯ ಮೇಲೆ ಹೋಗಿ, ಒಂದು ಸುತ್ತು ಹಾಕಿ, ರಬ್ಬರಿನ ಹುರಿ ತೀರಿ ಪ್ರೊಪೆಲರ್ ಸುಮ್ಮನಾದ ಮೇಲೂ ಇಳಿಯಲಿಲ್ಲ. ಗರುಡದ ಕೆಳಗೆ ತಾನೂ ಸುತ್ತುತ್ತ ಏರಿತು. ನಲವತ್ತು ಸೆಕೆಂಡು; ಒಂದು ನಿಮಿಷ; ಎರಡು. ಆಮೇಲೆ ಗಾಳಿ ಅದನ್ನು ಕಾಫಿತೋಟದ ಮರಗಳ ಮೇಲೆ ಕೊಂಡೊಯ್ದಿತು. ಎರಡು ನಿಮಿಷ ಇಪ್ಪತ್ತು ಸೆಕೆಂಡಿಗೆ ಅದು ನನ್ನ ಕಣ್ಣಿಗೆ ಚುಕ್ಕೆಯಾಗಿ ಅಳಿಯಿತು.

“ಅಯ್ಯೋ, ಹೋಯಿತಲ್ಲ!” ಎಂದು ಮಕ್ಕಳು ಮರುಗಿದರು. ಹಿರಿಯರು ಹುಡುಗನ ಮುಖವನ್ನು ನೋಡಿದರು. ತಿಂಗಳುಗಟ್ಟಲೆ ಕುಳಿತು ಕಟ್ಟಿದ್ದು. ಅವನು ಅಳಲೂ ಇಲ್ಲ, ನಗಲೂ ಇಲ್ಲ.

“ಹೋಗಲಿ ಎಂದೇ ಮಾಡಿದ್ದಲ್ಲವೇನೋ?” ಎಂದರು ಅಜ್ಜ.

“ಹೌದು” ಎಂದನು ಹುಡುಗ.

ಆ ಪ್ರಶ್ನೆಯಲ್ಲಿದ್ದುದು ವಿಮಾನವೊಂದೇ ಅಲ್ಲವೆಂದು ನನಗನ್ನಿಸಿತು. ಕೆಲವು ವಸ್ತುಗಳನ್ನು ಹೋಗಲೆಂದೇ ಮಾಡುತ್ತೇವೆ, ಕೆಲವನ್ನು ಇರಲೆಂದು ಮಾಡುತ್ತೇವೆ. ಹೋಗುವ ವಸ್ತು ಇರುವುದನ್ನು ನೋಡಿ ಜಡವೆಂದು ನಗುತ್ತದೆ. ಇರುವ ವಸ್ತು ಹೋಗುವುದನ್ನು ನೋಡಿ ಚಂಚಲವೆಂದು ಮುನಿಯುತ್ತದೆ. ಎರಡೂ ಒಂದೇ ಮನೆಯಲ್ಲಿ ಹುಟ್ಟಿ ಬೆಳೆದಿವೆಯೆಂಬುದು ಅವುಗಳಿಗೆ ಎಂದಾದರೊಮ್ಮೆ, ಹಬ್ಬದ ಬಿಡುವಿನಲ್ಲಿ, ಆಟವಾಡುವಾಗ ನೆನಪಾಗುತ್ತದೆ. ದುಡಿಮೆಯ ದಿನಗಳಲ್ಲಿ ಅವಕ್ಕೆ ಪರಸ್ಪರ ಮಾತನಾಡಲು ಸಮಯವೆಲ್ಲಿ?

ಕರಿಮದ್ದನ್ನು ಸುಟ್ಟ ಕೋವಿಯನ್ನು ಅದೇ ದಿನ ತೊಳೆಯದಿದ್ದರೆ ಅದರ ಮಸಿ ತೇವವನ್ನು ಹೀರಿ ನಳಿಗೆಗೆ ತುಕ್ಕು ಹಿಡಿಸುತ್ತದೆಯಂತೆ. ರಾತ್ರಿ ಬಚ್ಚಲಿನ ಹಂಡೆಯ ಬಳಿ ಹುಡುಗ ಕುದಿನೀರನ್ನು ನಳಿಗೆಗೆ ಸುರಿಯುತ್ತಿದ್ದನು; ಮಸಿ ಕರಗಿ ಕಪ್ಪಾಗಿ ಹರಿಯುತ್ತಿತ್ತು. ಅಜ್ಜ ಮಣೆಯ ಮೇಲೆ ಕುಳಿತು, “ಇನ್ನೊಂದು ಚೆಂಬು, ನೀರು ಬಿಳಿಯಾಗಿ ಬರುವವರೆಗೆ” ಎನ್ನುತ್ತಿದ್ದರು. ಅರ್ಜಿಯ ಮಾತನ್ನು ಇಬ್ಬರೂ ಎತ್ತಲಿಲ್ಲ. ನಾನು ಮರುದಿನ ಮೈಸೂರಿಗೆ ಹೊರಟಾಗಲೂ ಆ ಅರ್ಜಿ ಪಡಸಾಲೆಯ ಪಂಚಾಂಗದ ಕೆಳಗೇ ಇತ್ತು.

ಅಕ್ಟೋಬರಿನಲ್ಲಿ ಮಿತ್ರರು, ಹುಡುಗ ಒಂದು ಶನಿವಾರ ಊರಿಗೆ ಬಂದು ಪ್ರಮಾಣಪತ್ರಕ್ಕಾಗಿ ತನ್ನ ಹೆಸರಿನಲ್ಲಿ ಅರ್ಜಿ ಹಾಕಿ ಹೋದನೆಂದು ಹೇಳಿದರು. ಕೋವಿಗೆ ಎಣ್ಣೆ ಹಾಕುವ ನೆಪದಿಂದ ತಿಂಗಳಿಗೊಮ್ಮೆ ಬರುತ್ತಾನಂತೆ. ಅಜ್ಜ ಬಲಗಣ್ಣಿನ ಪೊರೆ ತೆಗೆಸಿಕೊಂಡರಂತೆ.

ಡಿಸೆಂಬರಿನಲ್ಲಿ ಕಾಫಿ ಕೊಯ್ಯುವ ಹೆಂಗಸರಿಗ�ೆ ತೋಟದ ಸಿಲ್ವರ್ ಮರವೊಂದರ ಬುಡದಲ್ಲಿ ಆ ವಿಮಾನ ಸಿಕ್ಕಿತು. ಕಾಗದವೆಲ್ಲ ಕರಗಿಹೋಗಿ ಬಾಲ್ಸಾದ ಎಲುಬುಗಳು ಮಾತ್ರ ಉಳಿದಿದ್ದವು. ಮೂತಿಯೊಳಗೆ ಮೂರು ಚರೆಗಳೂ ಮೇಣದಲ್ಲಿ ಅಂಟಿಕೊಂಡು ಭದ್ರವಾಗಿದ್ದವಂತೆ. ಅದನ್ನು ಹಿರಿಯರು ಒರಸಿ ತಂದು ಕೋವಿಯ ಪಕ್ಕದ ಮೊಳೆಗೆ ತೂಗುಹಾಕಿದ್ದಾರೆ. ಮುಂದಿನ ಕೈಲ್‌ಪೊಳ್ದಿನ ದಿನ ಅದಕ್ಕೂ ಗಂಧ ಹಚ್ಚಬೇಕೆಂದು ಅಪ್ಪಣೆಯಾಗಿದೆ.